ಮಾತು ಕೇಳುವ ಹುಡುಗ

ಮುಂದಿನ ಬೆಂಚಿನ ಹೆಂಗಸಿನ ತುರುಬಿನಲ್ಲಿ ಒಂದು ಚೂರು ಹತ್ತಿ ಸಿಕ್ಕಿಕೊಂಡಿದೆ, ಜಿನ್ನಿಂಗ್ ಫ್ಯಾಕ್ಟರಿಯಿಂದ ನೇರ ಇಲ್ಲಿಗೇ ಬಂದಿರಬೇಕು, ಫ್ಯಾನಿನ ಗಾಳಿ ಬಡಿದಾಗಲೆಲ್ಲ ಅಲ್ಲಾಡುತ್ತದೆ, ಉದುರುವುದಿಲ್ಲ, ಎಳೆ ಉದ್ದವೇ ಇದೆ ಅನ್ನಿಸುತ್ತದೆ, ಇಲ್ಲಿಂದ ಹೇಗೆ ಗೊತ್ತಾಗಬೇಕು, ಕೈಗೆ ಸಿಗಬೇಕು, ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದು, ಮತ್ತೆ ಜೋಡಿಸಿ, ಮತ್ತೆ ಎಳೆದು, ಕಸವೆಲ್ಲ ಉದುರಿ ಎಳೆಗಳಷ್ಟೇ ಬಾಚಿದ ಕೂದಲಿನ ಹಾಗೆ ಉಳಿಯಬೇಕು, ಆಗ ಅದೇ ಹೇಳುತ್ತದೆ, ನಾನು ಇಷ್ಟುದ್ದ, ಇಂಥ ನೆಲದ್ದು, ತೂಕಕ್ಕೆಂದು ನನ್ನ ಮೇಲೆ ನೀರು ಚಿಮುಕಿಸಿದ್ದಾರೆ ಎಂದು — ಹತ್ತಿ ಸುಳ್ಳು ಹೇಳುವುದಿಲ್ಲ, ಹತ್ತಿ ಮಾರುವವರು ಹೇಳುತ್ತಾರೆ, ಕೊಳ್ಳುವ ನಮ್ಮಪ್ಪ ಅವರಿಗಿಂತ ದೊಡ್ಡದನ್ನೇ ಹೇಳುತ್ತಾನೆ. ಆದೋನಿ ಮಾರ್ಕೆಟ್ ಯಾರ್ಡಿನಲ್ಲಿ ಸಿದ್ದಬಸಪ್ಪನ ಮಗನ ಹೆಬ್ಬೆರಳೆಂದರೆ ಒಂದು ಮರ್ಯಾದೆ ಇತ್ತು, ಉದಯಕುಮಾರ ಎಳೆ ನೋಡಿದನೆಂದರೆ ಮುಗಿಯಿತು, ಮತ್ತೆ ಚೌಕಾಸಿ ಇಲ್ಲ. ಕೈ ಚಾಚುತ್ತೇನೆ, ಚಾಚಿದ ಕೈಯ ಹೆಬ್ಬೆರಳು ತನ್ನ ಪಾಡಿಗೆ ತಾನು ನಡುಗುತ್ತದೆ, ಬೀಡಿ ಸುತ್ತುವವನ ಬೆರಳಿನ ಹಾಗೆ, ಎಲೆಯೂ ಇಲ್ಲ ತಂಬಾಕೂ ಇಲ್ಲ, ಸುಮ್ಮನೆ ಸುತ್ತುತ್ತಿದೆ. ಅವ್ವ ನನ್ನ ಕೈಗೆ ಮೆತ್ತಗೆ ಒಂದೇಟು ಹಾಕುತ್ತಾಳೆ, ಹೆಣ್ಮಕ್ಳ ತಲಿಗೆ ಕೈ ಹಾಕ್ತಿಯೇನಪ, ಸುಮ್ನ ಕುಂದುರು. ಕುಂತೆ. ಕೂತೇ ಇದ್ದೇನೆ. ಇವತ್ತು ನನಗಿರುವುದು ಒಂದೇ ಕೆಲಸ, ಅವ್ವ ಬಾಯಿ ತೆಗೆಯುವುದಕ್ಕೆ ಮೊದಲು ನಾನು ತೆಗೆಯಬೇಕು, ಡಾಕ್ಟರಿಗೆ ಹೇಳಬೇಕು, ನಾಕು ಮಾಟಲು ವಿನಪಡಟಂ ಲೇದು ಸಾರ್, ನನಗೆ ಆ ಮಾತುಗಳು ಕೇಳಿಸುತ್ತಿಲ್ಲ, ಯಾವತ್ತೋ ನಿಂತುಹೋದವು, ಮಾತ್ರೆ ಕಡಿಮೆ ಮಾಡಿ, ನನ್ನ ಹೆಬ್ಬೆರಳು ನನಗೆ ಕೊಡಿ. ಇಷ್ಟೇ. ಮೂರನೇ ಕ್ಲಾಸಿನ ಹುಡುಗ ಪದ್ಯ ಬಾಯಿಪಾಠ ಮಾಡಿದ ಹಾಗೆ ಮಾಡಿಕೊಂಡು ಬಂದಿದ್ದೇನೆ.

ಮೊದಲು ಕೇಳಿಸುತ್ತಿದ್ದವು, ಇಲ್ಲವೆನ್ನುವುದಿಲ್ಲ. ತಮಾಷೆಯೆಂದರೆ ಮನೆಯಲ್ಲಿ ನಮ್ಮದು ಕನ್ನಡ, ನನ್ನ ಹುಚ್ಚಿನದು ಮಾತ್ರ ತೆಲುಗು, ಅದೂ ಕಾಲೇಜಿನ ತೆಲುಗು, ಒಂದು ತಪ್ಪಿಲ್ಲದ್ದು. ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಎಳೆ ನೋಡುತ್ತಿದ್ದಾಗ ಬೆನ್ನ ಹಿಂದೆ ಯಾರೋ ಹೇಳಿದರು, ವಾಡು ಇಪ್ಪುಡು ಚೆಯ್ಯಿ ಎತ್ತುತುನ್ನಾಡು, ಇವನೀಗ ಕೈ ಎತ್ತುತ್ತಿದ್ದಾನೆ. ತಿರುಗಿದೆ, ಯಾರೂ ಇಲ್ಲ, ಹತ್ತಿ ಚೀಲ, ಅದರ ಮೇಲೊಂದು ನಾಯಿ. ವಾಡು ತಿರಿಗಾಡು, ತಿರುಗಿದ. ನೀರು ಕುಡಿದರೆ ಕುಡಿದ ಎನ್ನುವುದು, ಉಚ್ಚೆ ಹೊಯ್ದರೆ ಹೊಯ್ದ ಎನ್ನುವುದು, ಕ್ರಿಕೆಟ್ ಕಾಮೆಂಟರಿ, ಆಡುವವನು ಒಬ್ಬನೇ, ನಾನು. ಆಮೇಲೆ ಇಬ್ಬರಾದರು, ನನ್ನನ್ನು ಮಧ್ಯೆ ಇಟ್ಟುಕೊಂಡು ಜಗಳವಾಡುವರು, ಒಬ್ಬ ಇವನನ್ನು ಬಿಡು ಅನ್ನುವನು, ಇನ್ನೊಬ್ಬ ಬಿಡಬೇಡ ಅನ್ನುವನು, ಬಿಡಬೇಡ ಅನ್ನುವವನೇ ದಿನಾ ಗೆಲ್ಲುವನು. ಯಾರ್ಡಿನ ಮೈಕಿನಲ್ಲಿ ದರ ಕೂಗಿದರೆ ಅದು ಹತ್ತಿಯ ದರವಲ್ಲ, ನನ್ನದು. ಚಹಾದಲ್ಲಿ ಪುಡಿ ಬೆರೆಸಿದ್ದಾರೆ, ಬೆರೆಸಿದವನು ದೊಡ್ಡವ್ವನ ಮಗ ಸೂರಿ, ಅಂಗಡಿಯ ಗಾದಿಯ ಮೇಲೆ ಅವನಿಗೆ ಕಣ್ಣು — ಇದೊಂದನ್ನು ಮಾತ್ರ ಹುಚ್ಚು ಸರಿಯಾಗಿಯೇ ಹೇಳಿತ್ತು, ಪುಡಿ ಸುಳ್ಳು, ಕಣ್ಣು ನಿಜ. ಕೊನೆಗೆ ಕೊರಳಲ್ಲಿನ ಲಿಂಗದ ಕರಡಿಗೆಯೊಳಗೆ ಮೈಕು ಇಟ್ಟಿದ್ದಾರೆ ಎಂದರು, ಬಿಚ್ಚಿ ಹತ್ತಿ ರಾಶಿಯೊಳಗೆ ಹೂತುಬಿಟ್ಟೆ, ರಾಶಿ ಹರಾಜಾಗಿ ಹೋಯಿತು, ನಮ್ಮ ಮನೆತನವೆಲ್ಲ ಫ್ಯಾಕ್ಟರಿ ಅಂಗಳದಲ್ಲಿ ಕೂತು ಶಿವನಿಗಾಗಿ ಹತ್ತಿ ಬಿಡಿಸಿದರು, ಅವ್ವ ಅಳುತ್ತ, ಅಪ್ಪ ಬೈಯುತ್ತ, ಫ್ಯಾಕ್ಟರಿಯವನು ನಗುತ್ತ. ಮಾತು ಕೇಳು ಉದಯಾ, ಕೈ ಮುಗಿತೀನಿ, ಮಾತು ಕೇಳು, ಅವ್ವ ಅನ್ನುತ್ತಿದ್ದಳು. ನಾನು ಕೇಳುತ್ತಲೇ ಇದ್ದೆ, ಆಕೆಯ ಮಾತನ್ನಲ್ಲ. ಅಪ್ಪನ ಮೇಲೆ ತೂಕದ ಕಲ್ಲು ಎತ್ತಿದ ದಿನ ಯಾರ್ಡಿನ ಹಮಾಲರೆಲ್ಲ ಸೇರಿ ನನ್ನನ್ನು ಹತ್ತಿ ಚೀಲದ ಮೇಲೆ ಕೆಡವಿ ಕೂತರು. ಮೆತ್ತಗಿತ್ತು.

ಊರಲ್ಲಿ ಒಬ್ಬೊಬ್ಬರದು ಒಂದೊಂದು ಕಾರಣ. ಮೊಬೈಲಿಂದ ಎಂದ ಅಪ್ಪ, ದೃಷ್ಟಿ ಎಂದಳು ಅವ್ವ, ಮದುವೆ ಮಾಡಿದ್ರ ಸರಿಹೋಗ್ತಾನ ಎಂದರು ಪಕ್ಕದ ಅಂಗಡಿಯವರು, ಅವರ ಮನೆಯ ಹುಡುಗಿಯನ್ನು ಕೊಡುತ್ತೀರಾ ಎಂದು ಕೇಳಿದರೆ ಶಟರ್ ಎಳೆಯುತ್ತಿದ್ದರು. ಕರ್ನೂಲಿನಿಂದ ವಾರಕ್ಕೊಮ್ಮೆ ಬಂದು ಈ ಮೆಡಿಕಲ್ ಶಾಪಿನ ಮೇಲಿನ ಕೋಣೆಯಲ್ಲಿ ಕೂರುವ ಡಾಕ್ಟರು ಒಳ್ಳೆಯವರೇ, ಸಮುದ್ರದ ಕಡೆಯವರು, ಕನ್ನಡ ಒಂದಕ್ಷರ ಬಾರದು, ಮೊದಲ ದಿನ ಹೊತ್ತು ಕೊಟ್ಟು ತಿಳಿಸಿ ಹೇಳಿದರು, ಇದರ ಹೆಸರು ಸ್ಕಿಜೋಫ್ರೇನಿಯಾ, ಸಕ್ಕರೆ ಬಿಪಿ ಇದ್ದ ಹಾಗೆ ಇದೂ ಒಂದು ಕಾಯಿಲೆ, ಮೆದುಳಿನೊಳಗಿನ ರಾಸಾಯನಿಕಗಳು ಏರುಪೇರಾಗುತ್ತವೆ, ಇಲ್ಲದ್ದು ಕೇಳಿಸುತ್ತದೆ, ಇಲ್ಲದ್ದು ನಿಜ ಅನ್ನಿಸುತ್ತದೆ, ಯಾರ ತಪ್ಪೂ ಅಲ್ಲ, ಕೆಲವು ಮನೆತನಗಳಲ್ಲಿ ರಕ್ತದಲ್ಲೇ ಬರುವುದುಂಟು. ಕೊನೆಯ ಮಾತು ಹೇಳಬಾರದಿತ್ತು. ಅಪ್ಪ ಅವ್ವನನ್ನು ನೋಡಿದ, ಅವ್ವ ಅಪ್ಪನನ್ನು. ಮನೆಗೆ ಹೋಗಿ ಇಬ್ಬರೂ ಸತ್ತವರನ್ನೆಲ್ಲ ಎಬ್ಬಿಸಿ ಕೂರಿಸಿ ಹುಚ್ಚರೆಂದು ಸಾಬೀತು ಮಾಡಿದರು, ನಿಮ್ಮ ಕಾಕಾ ಗುಡ್ಡದ ಮ್ಯಾಲೆ ಬರಿಮೈಲಿ ಕುಂದರ್ತಿದ್ದಿಲ್ಲೇನು, ನಿಮ್ಮ ಚಿಗವ್ವ ಬಾಣಂತನದಾಗ ಮಾತು ಬಿಟ್ಟಾಕಿ ಸಾಯೋತನ ಬಾಯಿ ಬಿಚ್ಚಲಿಲ್ಲಲ್ಲ. ಬದುಕಿರುವ ನನ್ನನ್ನು ಕೇಳುವವರಿರಲಿಲ್ಲ. ಅವತ್ತು ಗಡಿಯಾಚೆ ಸಿರುಗುಪ್ಪದ ಕಡೆಯಿಂದ ದೊಡ್ಡವ್ವ ಬೇರೆ ಬಂದಿದ್ದಳು, ಆಕೆಗೆ ತೆಲುಗು ಬಾರದು, ಡಾಕ್ಟರು ಮಾಟಲು ಮಾಟಲು ಅನ್ನುವುದಷ್ಟೇ ಕಿವಿಗೆ ಬಿತ್ತು, ತೆಲುಗಿನಲ್ಲಿ ಮಾಟ ಎಂದರೆ ಮಾತು, ನಮ್ಮಲ್ಲಿ ಮಾಟ ಎಂದರೆ ಮಾಟವೇ, ಮಂತ್ರದ ಜೊತೆ ಬರುವುದು. ಮೆಟ್ಟಿಲಿಳಿಯುತ್ತಲೇ ಅವ್ವನ ಕೈ ಹಿಡಿದು ಶುರುಮಾಡಿದಳು, ಕೇಳಿದೇನ ಪಂಪೀ, ಓದಿದ ಡಾಕ್ಟರೇ ಬಾಯಿ ಬಿಟ್ಟು ಹೇಳಿದ, ಮಾಟ ಐತಿ ಅಂತ. ಅವ್ವನಿಗೆ ತೆಲುಗು ಬರುತ್ತದೆ, ಆದರೂ ಅಕ್ಕನ ಮಾತು ಎಂದು ತಲೆಯಾಡಿಸಿದಳು. ಗೋನೆಗಂಡ್ಲದ ಕಡೆ ಮಾಟ ಬಿಡಿಸುವ ಒಬ್ಬನ ಹತ್ತಿರ ಕರೆದೊಯ್ದರು, ಅವನು ಬೇವಿನ ಸೊಪ್ಪಿನಲ್ಲಿ ಹೊಡೆದ, ಸೊಪ್ಪು ಉದುರಿದ ಮೇಲೆ ಬರಲಿನಲ್ಲಿ ಹೊಡೆದ, ನನ್ನೊಳಗಿನವರು ತೆಲುಗಿನಲ್ಲಿ ಕಾಮೆಂಟರಿ ಕೊಟ್ಟರು, ಕೊಡುತುನ್ನಾಡು, ಹೊಡೆಯುತ್ತಿದ್ದಾನೆ, ಮಳ್ಳೀ ಕೊಡುತುನ್ನಾಡು, ಮತ್ತೆ ಹೊಡೆಯುತ್ತಿದ್ದಾನೆ. ದೊಡ್ಡವ್ವ ಪಕ್ಕದಲ್ಲಿ ಕೂತು ನಿಂಬೆಹಣ್ಣು ಕೊಯ್ದು ಕೊಡುತ್ತಿದ್ದಳು. ಬಾಸುಂಡೆ ಕೆಂಪಗಿದ್ದಾಗಲೇ ಮಾತ್ರೆಯೂ ಶುರುವಾಯಿತು, ವಾಸಿಯಾದಾಗ ಪುಣ್ಯ ಬೇವಿನ ಬರಲಿಗೆ ಹೋಯಿತು.

ಮಾತ್ರೆಯಿಂದಲೇ ವಾಸಿಯಾದದ್ದು, ಅದನ್ನು ನಾನು ಹೇಳಬೇಕು, ಬೇರೆ ಯಾರೂ ಹೇಳುವುದಿಲ್ಲ. ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದೆ, ಹಲ್ಲುಜ್ಜುತ್ತಿದ್ದಾನೆ ಎಂದು ಯಾರೂ ಹೇಳಲಿಲ್ಲ. ಬ್ರಷ್ಷು ಬಾಯಲ್ಲಿಟ್ಟುಕೊಂಡು ನಿಂತೆ, ಕಾದೆ, ಬಚ್ಚಲ ನಲ್ಲಿ ತೊಟ್ಟಿಕ್ಕುವುದು ಬರೀ ತೊಟ್ಟಿಕ್ಕುವುದಾಗಿತ್ತು. ಅತ್ತುಬಿಟ್ಟೆ. ಆವತ್ತೇ ಯಾರ್ಡಿಗೆ ಹೋಗಿ ಎಳೆ ನೋಡಿದೆ, ಬೆರಳಿಗೆ ಎಲ್ಲ ನೆನಪಿತ್ತು, ಅಪ್ಪ ತನ್ನ ಚಹಾದಲ್ಲಿ ಅರ್ಧ ಬಸಿದು ಕೊಟ್ಟ. ಅಲ್ಲಿಗೆ ನಿಲ್ಲಬಹುದಿತ್ತು. ಮುಂದಿನ ಸಲ ಬಂದಾಗ ಡಾಕ್ಟರು ಕೇಳಿದರು, ಇಂಕಾ ಮಾಟಲು ವಿಂಟುನ್ನಾಡಾ ಅಮ್ಮಾ. ಅವರು ಕೇಳಿದ್ದು, ಇನ್ನೂ ಆ ಮಾತುಗಳು ಕೇಳಿಸುತ್ತಿವೆಯಾ ಇವನಿಗೆ ಎಂದು. ಅವ್ವನಿಗೆ ತಿಳಿದದ್ದು, ಹೇಳಿದ ಮಾತು ಕೇಳುತ್ತಿದ್ದಾನಾ ಎಂದು. ಅವ್ವನ ಮುಖ ಅರಳಿತು, ಹೊಸ ಸೀರೆ ಉಟ್ಟವಳನ್ನು ಯಾರೋ ಚೆನ್ನಾಗಿದೆ ಅಂದ ಹಾಗೆ, ವಿಂಟುನ್ನಾಡು ಸಾರ್, ಬಾಗಾ ವಿಂಟುನ್ನಾಡು, ಕೇಳುತ್ತಾನೆ, ಚೆನ್ನಾಗಿ ಕೇಳುತ್ತಾನೆ! ಡಾಕ್ಟರು ಹುಬ್ಬು ಗಂಟಿಕ್ಕಿ ಮಾತ್ರೆ ಏರಿಸಿದರು. ಏರಿಸಿದ ಮಾತ್ರೆಗೆ ನಾನು ಇನ್ನಷ್ಟು ಮೆತ್ತಗಾದೆ, ಮೆತ್ತಗಾದವನು ಇನ್ನಷ್ಟು ಮಾತು ಕೇಳಿದೆ, ಅವ್ವ ಇನ್ನಷ್ಟು ಹಿಗ್ಗಿ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹೇಳಿದಳು, ಕುಂದುರಂದ್ರ ಕುಂದರ್ತಾನ, ಏಳಂದ್ರ ಏಳ್ತಾನ, ಚಾಲಾ ಬಾಗಾ ವಿಂಟುನ್ನಾಡು ಸಾರ್, ಅವರು ಇನ್ನಷ್ಟು ಏರಿಸಿದರು. ಗಾಣದೆತ್ತು ಸುತ್ತಿದ ಹಾಗೆ ಸುತ್ತಿತು, ಅದಕ್ಕಾದರೂ ಎಣ್ಣೆ ಬರುತ್ತದೆ. ಜೊಲ್ಲು ಶುರುವಾಯಿತು, ಹೆಜ್ಜೆ ಗಿಡ್ಡವಾಯಿತು, ನಡೆದರೆ ಕೈ ಬೀಸುವುದು ಮರೆತುಹೋಯಿತು, ಹೆಬ್ಬೆರಳು ಬೀಡಿ ಸುತ್ತತೊಡಗಿತು. ಅದಕ್ಕೆಂದು ಒಂದು ಸಣ್ಣ ಬಿಳಿ ಮಾತ್ರೆ ಕೊಟ್ಟರು, ಜೊಲ್ಲು ನಿಂತಿತು, ಜೊತೆಗೆ ಉಗುಳೂ ನಿಂತಿತು, ಈಗ ನಾಲಿಗೆ ಬಿಸಿಲಿಗೆ ಹಾಕಿ ಮರೆತ ಚಪ್ಪಲಿಯ ತುಂಡಿನಂತೆ ಬಾಯೊಳಗೆ ಬಿದ್ದಿದೆ. ಹೆಬ್ಬೆರಳು ಮಾತ್ರ ನಿಲ್ಲಲಿಲ್ಲ. ಗಾದಿಯ ಮೇಲೆ ಈಗ ಸೂರಿ ಕೂರುತ್ತಾನೆ, ಎಳೆ ನೋಡಲು ಬಾರದು, ಹತ್ತಿಯನ್ನು ಹೋಳಿಗೆಯ ಕಣಕದ ಹಾಗೆ ನಾದುತ್ತಾನೆ. ಮೊನ್ನೆ ಚಿಪ್ಪಗಿರಿಯ ರೈತನೊಬ್ಬ ಅಭ್ಯಾಸಬಲದಿಂದ ಒಂದು ಹಿಡಿ ಹತ್ತಿ ತಂದು ನನ್ನ ಕೈಗೇ ಇಟ್ಟ, ನೋಡ್ರಿ ಸಣ್ಣ ಸಾವ್ಕಾರ. ಎಳೆದೆ, ತುಂಡಾಯಿತು, ಮತ್ತೆ ಎಳೆದೆ, ಕೈಯಿಂದ ಜಾರಿ ಗಾಳಿಗೆ ಹೋಯಿತು, ಅವನು ಅದನ್ನು ಹಿಡಿಯಲು ನಾಲ್ಕು ಹೆಜ್ಜೆ ಓಡಿದ. ಅಪ್ಪ ನಕ್ಕು ಹೇಳಿದ, ಅವ್ನಿಗೆ ನರಗಳ ವೀಕ್ನೆಸ್ ಐತಪ, ಸೂರಿ ಕೈಗೆ ಕೊಡು. ಮನೆತನದ ಕಾಯಿಲೆಗೆ ನಾವಿಟ್ಟ ಹೆಸರು ಅದು, ಕೇಳಿದವರೆಲ್ಲ ಬಾದಾಮಿ ತಿನ್ನಿಸಿರಿ ಅನ್ನುತ್ತಾರೆ. ಎದ್ದು ಹಿಂದಿನ ಕೋಣೆಗೆ ಹೋಗಿ ಬೆರಳು ಕಚ್ಚಿದೆ, ನೋವಾಯಿತು, ಸಿಟ್ಟು ಬಂತು, ಇಷ್ಟು ದಿನಕ್ಕೆ ಮೊದಲ ಸಲ ಸಿಟ್ಟು ಬಂತು.

ಈ ಯಡವಟ್ಟು ನನಗೆ ಹೊಳೆದದ್ದು ಹೋದ ಸಲ, ಅವ್ವ ಬಾಗಾ ವಿಂಟುನ್ನಾಡು ಅಂದ ಕೂಡಲೇ ಡಾಕ್ಟರು ಕಾಂಪೌಂಡರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು, ಸ್ಟಿಲ್ ಹಿಯರಿಂಗ್ ವಾಯ್ಸಸ್. ಬಿಕಾಂ ಓದಿದ ಹುಚ್ಚ ನಾನು, ಅಷ್ಟು ಇಂಗ್ಲಿಷು ತಿಳಿಯುತ್ತದೆ, ತಿಳಿದು ತುಟಿಗೆ ಬರುವಷ್ಟರಲ್ಲಿ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದೆ, ಈ ಮಾತ್ರೆಯಲ್ಲಿ ಯೋಚನೆ ಎತ್ತಿನ ಗಾಡಿ, ಲೋಕ ಆಟೋ. ಮನೆಗೆ ಬಂದು ಅವ್ವನಿಗೆ ಹೇಳಿದೆ, ಅವ್ವಾ, ಡಾಕ್ಟ್ರು ಕೇಳೋದು ಬ್ಯಾರೆ, ನೀ ಹೇಳೋದು ಬ್ಯಾರೆ. ಆಕೆಗೆ ಉರಿಯಿತು, ನಂಗ ತೆಲುಗು ಬರಲ್ಲ ಅಂತಿಯೇನು, ಆದೋನಿಗೆ ಬಂದು ನಿನ್ನ ಹಡೆದು ನಿನ್ನ ಸಾಲಿಗೆ ಹಾಕಿದಾಕಿ ನಾನು, ನಿನ್ನ ಮೇಷ್ಟ್ರ ಕೂಡ ತೆಲುಗಿನ್ಯಾಗ ಜಗಳಾಡಿದಾಕಿ ನಾನು, ಡಾಕ್ಟ್ರಿಗೆ ಬುದ್ಧಿ ಹೇಳಾಕ ಹೋಗಬ್ಯಾಡ, ಮಲಕೋ. ಮಲಗಿದೆ. ತಂಗಿ ಪ್ರತಿಮಾಳಿಗೆ ಹೇಳಿದೆ, ಆಕೆಗೆ ಥಟ್ಟನೆ ತಿಳಿಯಿತು, ತಿಳಿದದ್ದು ಕಣ್ಣಲ್ಲಿ ಕಂಡಿತು, ಆಮೇಲೆ ಕಣ್ಣು ಬೇರೆ ಕಡೆ ಹೋಯಿತು. ಅಣ್ಣ, ಕೋಸಗಿಯವ್ರು ಮುಂದಿನ ವಾರ ನನ್ನ ನೋಡಾಕ ಬರ್ತಾರ, ಅದು ಮುಗಿಯೋತನ ಹಿಂಗ ಇರು, ಹಿಂಗ ಇದ್ರ ಭಾಳ ಸಮಾಧಾನ ಇರ್ತಿ. ಕೋಸಗಿಯವರು ಬಂದಾಗ ನನಗೆ ಎರಡು ಸಲದ ಮಾತ್ರೆ ಒಂದೇ ಸಲ ಕೊಟ್ಟು ಅಟ್ಟದ ಕೋಣೆಯಲ್ಲಿ ಮಲಗಿಸಿದರು, ಹುಡುಗನ ಕಡೆಯವರು ಪಾಯಸ ಉಂಡು ಒಪ್ಪಿಕೊಂಡು ಹೋದರು, ಮಿಕ್ಕ ಪಾಯಸ ನನಗೆ ಮೇಲಕ್ಕೆ ಬಂತು, ಕೆನೆ ಕಟ್ಟಿತ್ತು. ಪ್ರತಿಮಾಳೇ ತಂದಳು, ಚಮಚದಲ್ಲಿ ತಿನ್ನಿಸುತ್ತ ಅತ್ತಳು. ಅಳು ಅವಳದು, ಪಾಯಸ ನನ್ನದು, ಮದುಮಗ ಯಾರೋ. ಅವಳ ಮದುವೆ ಆಗಲಿ, ಚೆನ್ನಾಗಿರಲಿ, ನನ್ನ ಹೆಬ್ಬೆರಳಿನ ಮೇಲೆ ಚಪ್ಪರದ ಕಂಬ ನೆಡದೇ ಆಗಲಿ.

ಪೇರು ಪಿಲುಸ್ತುನ್ನಾರು, ಹೆಸರು ಕೂಗುತ್ತಿದ್ದಾರೆ, ಬಾಗಿಲಲ್ಲಿ ಕಾಂಪೌಂಡರು, ಉದಯಕುಮಾರ್, ಉದಯಕುಮಾರ್ ಎವರು — ನನ್ನ ಹೆಸರು. ಅವ್ವ ಎದ್ದಳು, ಏಳಪ ಅಂದಳು, ಎದ್ದೆ. ಅಪ್ಪ ಬರುವುದಿಲ್ಲ, ಆ ಮೊದಲ ದಿನ ಬಿಟ್ಟರೆ ಅಪ್ಪ ಯಾವತ್ತೂ ಮೇಲೆ ಬಂದಿಲ್ಲ, ಎರಡು ಸಂದಿ ಆಚೆ ಸ್ಕೂಟರು ನಿಲ್ಲಿಸಿ ಫೋನಿನಲ್ಲಿ ಹತ್ತಿ ಮಾತಾಡುತ್ತ ನಿಂತಿರುತ್ತಾನೆ, ಗುರುತಿನವರು ಕಂಡರೆ ಹಲ್ಲಿನ ಡಾಕ್ಟರ ಹತ್ತಿರ ಬಂದೆ ಅನ್ನುತ್ತಾನೆ. ಬಾಗಿಲು ದಾಟುವಾಗ ಮನಸ್ಸಿನಲ್ಲೇ ಅಂದುಕೊಂಡೆ, ನಾಕು ಮಾಟಲು ವಿನಪಡಟಂ ಲೇದು, ನಾಕು ಮಾಟಲು, ಇದೆ, ಇನ್ನೂ ಇದೆ. ಡಾಕ್ಟರು ತಲೆ ಎತ್ತಲಿಲ್ಲ, ಹೊರಗೆ ಜನ ಮೆಟ್ಟಿಲಿನವರೆಗೆ ನಿಂತಿದ್ದಾರೆ, ಅವರ ಕಣ್ಣ ಕೆಳಗೆ ಕಪ್ಪು, ಅವರಿಗೂ ನಿದ್ದೆ ಬೇಕು. ಇಂಕಾ ಮಾಟಲು ವಿಂಟುನ್ನಾಡಾ ಅಮ್ಮಾ. ನಾನು ಬಾಯಿ ತೆಗೆದೆ, ತೆಗೆದದ್ದು ನನಗೆ ಗೊತ್ತಾಯಿತು, ಗಾಳಿ ಒಳಗೆ ಬಂತು, ತೆಲುಗು ಹೊರಗೆ ಬರಲಿಲ್ಲ. ವಿಂಟುನ್ನಾಡು ಸಾರ್, ಬಂಗಾರಂ ಲಾಗ ವಿಂಟುನ್ನಾಡು, ಬಂಗಾರದ ಹಾಗೆ ಕೇಳುತ್ತಾನೆ, ಎಂದಳು ಅವ್ವ. ಡಾಕ್ಟರು ಪೆನ್ನು ಎತ್ತಿದರು. ಈಗ, ಈಗಲೇ, ಮೇಜು ಹಿಡಿದುಕೊಂಡೆ, ಬಾಯಿಪಾಠ ಮಾಡಿದ ತೆಲುಗು ಎಲ್ಲಿ ಹೋಯಿತೋ, ಒಳಗಿನವರು ಹೋಗುವಾಗ ಹೊತ್ತುಕೊಂಡೇ ಹೋದರೋ, ಕೈಗೆ ಸಿಕ್ಕಿದ್ದು ಕನ್ನಡ, ಇರಲಿ, ಅವ್ವನಾದರೂ ಸರಿಯಾಗಿ ದಾಟಿಸಲಿ — ನಂಗ ಮಾತು ಕೇಳ್ಸಂಗಿಲ್ಲ ಅನ್ನಬೇಕು, ಕೇಳಿಸುವುದಿಲ್ಲ ಎಂದು, ಆ ಸ ಒಂದು ಬರಬೇಕು, ಸ ಬರಬೇಕಾದರೆ ನಾಲಿಗೆಯ ತುದಿ ಹಲ್ಲಿನ ಹತ್ತಿರ ಹೋಗಿ ನಿಲ್ಲಬೇಕು, ಹೋಗಲಿಲ್ಲ, ಅಂಗುಳಿಗೆ ಅಂಟಿಕೊಂಡಿತು, ನಾನು ತಳ್ಳಿದೆ, ಕೋಣೆಯೆಲ್ಲ ಕೇಳುವ ಹಾಗೆ ತಳ್ಳಿದೆ. ಮಾತು ಕೇಳಂಗಿಲ್ಲ.

ಅವ್ವನ ಮುಖದ ರಕ್ತ ಇಳಿದುಹೋಯಿತು. ಆ ಮುಖ ನನಗೆ ಗೊತ್ತು, ತೂಕದ ಕಲ್ಲಿನ ದಿನದ ಮುಖ. ಏಮಂಟುನ್ನಾಡು, ಏನನ್ನುತ್ತಿದ್ದಾನೆ ಎಂದರು ಡಾಕ್ಟರು, ಈಗ ತಲೆ ಎತ್ತಿದ್ದರು. ಮಾಟ ವಿನನು ಅಂಟುನ್ನಾಡು ಸಾರ್, ಹೇಳಿದ ಮಾತು ಕೇಳುವುದಿಲ್ಲ ಅನ್ನುತ್ತಾನೆ, ಅವ್ವನ ಧ್ವನಿ ಒಡೆಯಿತು, ಮಳ್ಳೀ ಮೊದಲಯ್ಯಿಂದಿ ಸಾರ್, ತಿರುಗಿ ಶುರುವಾಯಿತು. ನಾನು ತಲೆ ಅಲ್ಲಾಡಿಸಿದೆ, ಅಲ್ಲ, ಅಲ್ಲ, ತಲೆ ಜೋರಾಗಿ ಅಲ್ಲಾಡಿತು, ಮೇಜು ಹಿಡಿದ ಕೈ ಮೇಜನ್ನೂ ಅಲ್ಲಾಡಿಸಿತು, ಪೆನ್ನಿನ ಡಬ್ಬಿ ಉರುಳಿ ಬಿತ್ತು, ಕಾಂಪೌಂಡರು ಬಂದು ಬೆನ್ನ ಹಿಂದೆ ನಿಂತ. ಮಂದುಲು ವದ್ದಂಟಾಡಾ, ಔಷಧ ಬೇಡ ಅನ್ನುತ್ತಾನಾ ಎಂದು ಡಾಕ್ಟರು ಕೇಳಿದರು, ಮೆತ್ತಗೇ ಕೇಳಿದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ತಲೆಯಾಡಿಸಿದಳು, ಹೌದೆಂದೋ ಇಲ್ಲವೆಂದೋ ಆಕೆಗೇ ಗೊತ್ತಿರಲಿಲ್ಲ. ಭಯಪಡಬೇಡಿ ಅಮ್ಮಾ, ಹೀಗೆ ಆಗುವುದುಂಟು, ಮಾತ್ರೆ ಬಾಯಿಗಿಟ್ಟುಕೊಂಡು ಉಗಿಯುವವರಿಗೆ ಇಂಜೆಕ್ಷನ್ ಇದೆ, ತಿಂಗಳಿಗೊಂದು, ಒಳಗೆ ಕೂತು ಕೆಲಸ ಮಾಡುತ್ತದೆ, ಮನೆಯಲ್ಲಿ ಜಗಳವೇ ಇಲ್ಲ, ಅವರ ತೆಲುಗು ಎಷ್ಟು ಸ್ಪಷ್ಟ, ಒಂದೊಂದು ಅಕ್ಷರವೂ ತಿಳಿಯಿತು. ಅವ್ವ ಕೈ ಮುಗಿದಳು, ದೇವರಿಗೆ ಮುಗಿದ ಹಾಗೆ. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು, ಯಾಕಪ ಹಿಂಗ ಮಾಡ್ದಿ, ಇಷ್ಟ ದಿನ ಎಷ್ಟ್ ಚೆಂದ ಇದ್ದಿ.

ಪಕ್ಕದ ಕೋಣೆ, ಹಸಿರು ಪರದೆ, ಸ್ಪಿರಿಟ್ಟಿನ ವಾಸನೆ, ಸ್ಟೂಲಿನ ಮೇಲೆ ಕೂರಿಸಿದ್ದಾರೆ, ಅಂಗಿಯ ತೋಳು ಮಡಚಿದ್ದಾರೆ. ಕಾಂಪೌಂಡರು ಸೀಸೆ ಅಲುಗಿಸುತ್ತ ಅಮ್ಮಾ ಚೆಯ್ಯಿ ಪಟ್ಟುಕೋ ಎಂದ, ಕೈ ಹಿಡಿದುಕೊಳ್ಳಮ್ಮಾ, ಅಲುಗಾಡಿಸಿದರೆ ಸೂಜಿ ಮುರಿಯುತ್ತದೆ. ಅವ್ವ ಹಿಡಿದಳು, ಅಂಗೈ ಹಿಡಿಯಲು ಬಂದವಳಿಗೆ ಸಿಕ್ಕಿದ್ದು ಹೆಬ್ಬೆರಳು, ಸಣ್ಣವನಿದ್ದಾಗ ರಸ್ತೆ ದಾಟಿಸುವಾಗ ನಾನು ಆಕೆಯ ಹೆಬ್ಬೆರಳು ಹಿಡಿಯುತ್ತಿದ್ದೆ, ಈಗ ಆಕೆ ನನ್ನದು ಹಿಡಿದಿದ್ದಾಳೆ, ಆಕೆಯ ಮುಷ್ಟಿ ಬೆವತಿದೆ, ಬಿಸಿಯಾಗಿದೆ, ಹೆಬ್ಬೆರಳು ಅದರೊಳಗೆ ನಡುಗುತ್ತದೆ, ಗೂಡಿನೊಳಗೆ ಗುಬ್ಬಿ ಮರಿ ಮಿಸುಕಿದ ಹಾಗೆ, ಆಕೆ ಹೆದರಿಕೆ ಎಂದುಕೊಂಡಳು. ಅಂಜಬ್ಯಾಡ, ನಾ ಅದೀನಲ್ಲ. ಹತ್ತಿಯಿಂದ ತೋಳು ಒರೆಸಿದರು, ಗಿಡ್ಡ ಎಳೆಯ ಹತ್ತಿ, ಕಣ್ಣಿಗೇ ಗೊತ್ತಾಗುತ್ತದೆ, ಸೂಜಿ ಒಳಗೆ ಹೋಯಿತು, ತಣ್ಣಗೆ ಏನೋ ಹರಡಿತು, ಹೆಬ್ಬೆರಳು ನಡುಗುತ್ತದೆ. ನಡುಗಬ್ಯಾಡ ಅಂದ್ನಿಲ್ಲೇನಪ, ಹೇಳಿದ್ ಮಾತು ಕೇಳು. ಅವ್ವ ಬಿಗಿಯಾಗಿ ಹಿಡಿದಳು, ಅದು ನಡುಗಿತು, ಇನ್ನೂ ಬಿಗಿಯಾಗಿ ಹಿಡಿದಳು, ಕೇಳು ಉದಯಾ, ಕೇಳಪ, ಹೆಬ್ಬೆರಳು ಕೇಳುವುದಿಲ್ಲ, ಅವ್ವನ ಮುಷ್ಟಿ, ಮುಷ್ಟಿಯೊಳಗೆ ಹೆಬ್ಬೆರಳು, ಮುಷ್ಟಿ, ಹೆಬ್ಬೆರಳು, ಮುಷ್ಟಿಯೊಳಗೆ ಹೆಬ್ಬೆರಳು